ಒಂಬತ್ತು ಖಾಲಿ ವಾಲೆಟ್‌ಗಳಿಗೆ ಒಂದು ಮೊಹರು ಬೇಕಾಗಿದೆ

ಆನ್‌ಲೈನ್ ವಂಚನೆ ದೂರು ವಿಭಾಗದ ಹಿರಿಯ ಅಧಿಕಾರಿಗಳೇ,

ಮೊದಲು ಲೆಕ್ಕ. ಕಳುವಾದದ್ದು ಆರು ಲಕ್ಷದ ಎಂಬತ್ತನಾಲ್ಕು ಸಾವಿರದ ಮುನ್ನೂರು ರೂಪಾಯಿ. ನಿಮ್ಮವರು ಕೇಳಿದ ಒಂಬತ್ತು ಅಫಿಡವಿಟ್‌ಗಳಿಗೆ ತಲಾ ಆರುನೂರರಂತೆ ಐದು ಸಾವಿರದ ನಾನೂರು. ಝೆರಾಕ್ಸ್ ಸಾವಿರದ ಇನ್ನೂರ ಅರವತ್ತು. ಹದಿನಾಲ್ಕು ಸಲ ನಿಮ್ಮ ಕಚೇರಿಗೆ ಬಂದುಹೋದ ಲೋಕಲ್ ರೈಲು ಮತ್ತು ರಿಕ್ಷಾ, ಸಾವಿರದ ಆರುನೂರ ನಲವತ್ತು. ಒಟ್ಟು 6,92,600. ಇಷ್ಟು ಕೊಟ್ಟು ನಾನು ಪಡೆದದ್ದು ನಿಮ್ಮ ವರಾಂಡದ ಬೆಂಚಿನ ಮೇಲೆ ಕೂರುವ ಹಕ್ಕು. ದೂರು ದಾಖಲಾಗಿಲ್ಲ. ನನ್ನ ತಕರಾರು ಅದೇ.

ನಾನು ಫೋರ್ಟ್ ಬಡಾವಣೆಯಲ್ಲಿ ಆರು ಮೇಜಿನ ಒಂದು ಉಡುಪಿ ಹೋಟೆಲ್ ನಡೆಸುವವನು. ಕಪ್ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗಿನ ಹನ್ನೆರಡು ಅಡಿ ದೂರವನ್ನು ಹತ್ತೊಂಬತ್ತು ವರ್ಷದಲ್ಲಿ ದಾಟಿದೆ. ನಮ್ಮಲ್ಲಿ ಒಂದು ರೂಢಿ ಇದೆ. ಕೆಲಸದವರು ಸಂಬಳದಲ್ಲಿ ಉಳಿಸಿದ್ದನ್ನು ಗಲ್ಲಾದಲ್ಲೇ ಬಿಡುತ್ತಾರೆ. ನಾನು ಹೆಸರು ಬರೆದ ಲಕೋಟೆಯಲ್ಲಿ ಇಡುತ್ತೇನೆ, ಊರಿಗೆ ಹೋಗುವಾಗ ಎಣಿಸಿ ಕೊಡುತ್ತೇನೆ. ರಸೀದಿಯಿಲ್ಲ, ಬಡ್ಡಿಯಿಲ್ಲ, ಜಗಳವೂ ಇರಲಿಲ್ಲ.

ಮೂರನೇ ಮಹಡಿಯ ಆಫೀಸಿನ ಮನೀಶ್ ದಿನಾ ಚಹಾಕ್ಕೆ ಬರುವವನು. ಅವನು ನನ್ನ ಲಕೋಟೆಗಳನ್ನು ನೋಡಿ ನಕ್ಕ. "ಅಂಕಲ್, ಇದೆಲ್ಲ ಮೊಬೈಲ್‌ನಲ್ಲಿ ಆಗ್ತದೆ. ಒಂದೇ ಆ್ಯಪ್, ಎಷ್ಟು ಬೇಕಾದ್ರೂ ವಾಲೆಟ್. ಪ್ರತಿಯೊಂದಕ್ಕೂ ಹೆಸರು ಹಾಕಿ, ಬಣ್ಣ ಹಾಕಿ." ಏರಿಳಿಯುವ ಕ್ರಿಪ್ಟೋ ನಾಣ್ಯ ಬೇಡವೆಂದೆ. ಡಾಲರಿಗೆ ಕಟ್ಟಿದ ನಾಣ್ಯವೂ ಇದೆಯೆಂದ. ರೂಪಾಯಿ ಇಳಿಯುತ್ತಿತ್ತು, ಡಾಲರ್ ಏರುತ್ತಿತ್ತು. ಲಕೋಟೆಯೊಳಗಿನ ಹಣ ಸುಮ್ಮನೆ ಮಲಗಿರುವುದನ್ನು ನೋಡಲಾಗದ ನನ್ನ ಚಾಳಿ ಉಳಿದದ್ದನ್ನು ಮಾಡಿತು. ಕೆಲಸದವರನ್ನು ಕೇಳಿದೆ. "ನೀವು ಎಲ್ಲಿಟ್ರೆ ಎಂತ ಅಣ್ಣ, ಕೇಳಿದಾಗ ಕೊಟ್ರೆ ಆಯ್ತು" ಎಂದ ದೋಸೆ ಕಾವಲಿಯ ದೇವಾನಂದ. ಒಂಬತ್ತು ವಾಲೆಟ್ ತೆರೆದೆ. ದೇವಾನಂದನದು ಹಸಿರು.

ಆ್ಯಪ್ ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿತು. ಕಾಗದದಲ್ಲಿ ಬರೆದಿಡಿ, ಯಾರಿಗೂ ತೋರಿಸಬೇಡಿ ಎಂದಿತು. ಹೋಟೆಲಿನಲ್ಲಿ ನನ್ನ ಹೊರತು ಯಾರೂ ಮುಟ್ಟದ ಕಾಗದ ಯಾವುದು? ಹೊಸ ಲೆಕ್ಕದ ಪುಸ್ತಕ. ಅದರ ಮೊದಲ ಪುಟದಲ್ಲಿ, ಶ್ರೀಕಾರದ ಕೆಳಗೆ, ದುಂಡಗೆ ಬರೆದೆ. ದೀಪಾವಳಿಯ ಅಂಗಡಿ ಪೂಜೆಗೆ ಆ ಪುಟವನ್ನೇ ತೆರೆದಿಡಬೇಕಲ್ಲ, ಇಟ್ಟೆ. ಕುಂಕುಮ, ಹೂವು, ವೀಳ್ಯದೆಲೆ ಎಲ್ಲ ಆಯಿತು. ನನ್ನ ಹೆಂಡತಿ ಸೇವಂತಿ ವರ್ಷವೂ ತೆಗೆಯುವಂತೆ ಫೋಟೋ ತೆಗೆದಳು. "ಈ ಸಲ ಅಕ್ಷರ ಸಮೇತ ಚಂದ ಬಂದಿದೆ, ನೋಡಿ" ಎಂದಳು. ಇನ್ನೂರ ಹನ್ನೆರಡು ಗಿರಾಕಿಗಳಿರುವ ವಾಟ್ಸಾಪ್ ಗುಂಪಿಗೆ ನಾನೇ ಕಳಿಸಿದೆ, ಶುಭಾಶಯದ ಜೊತೆ. ನಲವತ್ತು ನಿಮಿಷದಲ್ಲಿ ಒಂಬತ್ತೂ ಖಾಲಿ. ಬಣ್ಣ ಬೇರೆ ಬೇರೆಯಾದರೂ ಎಲ್ಲಕ್ಕೂ ಕೀಲಿ ಆ ಹನ್ನೆರಡು ಪದಗಳೇ ಎಂಬುದು ನನಗೆ ಆಗ ಗೊತ್ತಾಯಿತು. ಕಳ್ಳನಿಗೆ ಮೊದಲೇ ಗೊತ್ತಿತ್ತು.

ತಪ್ಪು ನನ್ನದು. ಹದಿನಾಲ್ಕು ಸಲವೂ ನಿಮ್ಮ ಮೇಜಿನ ಮುಂದೆ ಅದನ್ನೇ ಹೇಳಿದ್ದೇನೆ. ನಿಮ್ಮಲ್ಲೊಬ್ಬ ಗುಮಾಸ್ತರು ವಿಜಯಪುರದ ಕಡೆಯವರು. ಕನ್ನಡ ಕೇಳಿ ಕುರ್ಚಿ ಕೊಟ್ಟರು, ದೂರಿನ ಕಾಗದವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. "ರೊಕ್ಕ ಅವರದ್ದು ಅಂತೀರಿ. ಹಂಗಾದ್ರ ದೂರು ಅವರು ಕೊಡಬೇಕ್ರಿ, ಅಫಿಡವಿಟ್ ಹಚ್ಚಿ." ಒಂದು ಸೋಮವಾರ ಹೋಟೆಲ್ ಮುಚ್ಚಿ ಒಂಬತ್ತು ಜನರನ್ನೂ ಕರೆತಂದೆ. ಗುಮಾಸ್ತರು ಒಂಬತ್ತೂ ಅಫಿಡವಿಟ್ ಓದಿ ಕನ್ನಡಕ ತೆಗೆದರು. "ಸೇಠರ, ವಾಲೆಟ್ ಇವರ ಫೋನಿನಾಗ ಇಲ್ಲ. ನಿಮ್ಮ ಫೋನಿನಾಗ ಇದ್ದದ್ದು ನಿಮ್ಮ ರೊಕ್ಕ ಅಲ್ಲ. ಮತ್ತ ಕಳಕೊಂಡಾವ ಯಾರ್ರಿ?"

ಎಂಥ ಪ್ರಶ್ನೆ, ಮಾನ್ಯರೇ! ಆ ಒಂಬತ್ತು ವಾಲೆಟ್‌ಗಳಲ್ಲಿ ಲಾಭ ಬಂದಿದ್ದರೆ ತೆರಿಗೆಗಾಗಿ ಅವುಗಳ ಯಜಮಾನ ಯಾರೆಂದು ಸರ್ಕಾರ ಇಷ್ಟು ತಡಕಾಡುತ್ತಿತ್ತೇ? ಕಳ್ಳತನವಾಗಿದೆ, ಕಳೆದುಕೊಂಡವರಿಲ್ಲ. ಇಂಥ ಅಪರಾಧವನ್ನು ಕಂಡುಹಿಡಿದ ಕೀರ್ತಿ ನಿಮ್ಮ ವಿಭಾಗಕ್ಕೇ ಸಲ್ಲಲಿ.

ಹಣ ವಾಪಸ್ ಬರುವುದಿಲ್ಲವೆಂದು ನನಗೆ ಗೊತ್ತು. ಹೋಟೆಲಿನ ಲಾಭದಿಂದ ತಿಂಗಳಿಗೆ ಹದಿನೈದು ಸಾವಿರದಂತೆ ನಾನೇ ತೀರಿಸುತ್ತಿದ್ದೇನೆ. ನಾಲ್ಕು ತಿಂಗಳಾಯಿತು, ಇನ್ನೂ ಮೂರೂವರೆ ವರ್ಷ ಬೇಕು. ಆದರೆ ನಾನು ತೀರಿಸಿದಷ್ಟೂ ಅಡುಗೆಮನೆಯಲ್ಲಿ ಪಿಸುಮಾತು: ಹಣ ಇವರೇ ತಿನ್ನದಿದ್ದರೆ ಕೊಡುವುದೇಕೆ? ದೇವಾನಂದ ಎರಡು ಲಕ್ಷ ಹತ್ತು ಸಾವಿರವನ್ನು ಭಾಂಡುಪ್‌ನಲ್ಲಿ ಕೋಣೆ ಹಿಡಿಯಲು ಕೂಡಿಸಿದ್ದ. ಮುಂಗಡ ಕೊಡಲಾಗದೆ ಕೋಣೆ ಬೇರೆಯವರ ಪಾಲಾಯಿತು. ಅವನು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಹಿಟ್ಟು ಹರಡುತ್ತ, ಮುಖ ಎತ್ತದೆ ಹೇಳಿದ: "ನಾನು ನಂಬ್ತೇನೆ ಅಣ್ಣ. ಮನೆಯವಳು ಕೇಳ್ತಾಳೆ, ಕಳ್ಳ ಹೊಡೆದದ್ದಾದ್ರೆ ಪೊಲೀಸ್ ಕಾಗದ ಎಲ್ಲುಂಟು ಅಂತ. ಅವಳಿಗೆ ಎಂತ ಹೇಳುದು?"

ನನಗೆ ಬೇಕಾದದ್ದು ಆ ಕಾಗದ. ತನಿಖೆ ಬೇಡ, ಬಂಧನ ಬೇಡ. "ಇಂಥ ದಿನ ಈ ಹಣ ಕಳುವಾಗಿದೆ ಎಂಬ ದೂರು ಬಂದಿದೆ" ಎಂದು ಒಂದು ಸಾಲು, ಅದರ ಕೆಳಗೆ ನಿಮ್ಮ ಮೊಹರು. ಕೊಡುತ್ತೀರೆಂಬ ಆಸೆಯಿಂದ ಬರೆಯುತ್ತಿಲ್ಲ. ಕೇಳಲೇ ಇಲ್ಲ ಎಂದು ನಾಳೆ ಯಾರೂ ಹೇಳಬಾರದು, ಅದಕ್ಕೆ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಇಂತಿ,
ನಿಮ್ಮ ಪ್ರಕಾರ ಏನನ್ನೂ ಕಳೆದುಕೊಳ್ಳದ
ಸದಾನಂದ, ಚೆಂಬೂರು

ತಾ.ಕ.: ಯಾರಿಗೆ ಎಷ್ಟು ಬಂತು ಎಂಬುದನ್ನೂ ಬರೆದುಬಿಡುತ್ತೇನೆ. ಕಳ್ಳನಿಗೆ 6,84,300, ಅಫಿಡವಿಟ್ ಕೇಳದೆ. ನೋಟರಿಗೆ 5,400. ಝೆರಾಕ್ಸ್ ಅಂಗಡಿಗೆ 1,260. ರೈಲು, ರಿಕ್ಷಾದವರಿಗೆ 1,640. ನಿಮಗೆ, ಈ ವರ್ಷದ ಪಟ್ಟಿಯಲ್ಲಿ ಒಂದು ಪ್ರಕರಣ ಕಡಿಮೆ. ಕೆಲಸದವರಿಗೆ ಒಟ್ಟು 60,000, ಈವರೆಗೆ. ದೇವಾನಂದನಿಗೆ ದಿನಗೂಲಿ; ಈಗ ಅವನು ದಿನಾ ಸಂಜೆ ಕೈ ತೊಳೆದು ಬಂದು ಅಂದಿನದನ್ನು ಅಂದೇ ಕೇಳಿ ಪಡೆಯುತ್ತಾನೆ, ನನ್ನೆದುರೇ ಎರಡು ಸಲ ಎಣಿಸುತ್ತಾನೆ. ನನಗೆ ಒಂಬತ್ತು ಖಾಲಿ ಲಕೋಟೆ.