ರೊಟ್ಟಿ ಸಿಗದ ಭಾನುವಾರ

ಏಪ್ರಿಲ್ 14, 1980. ಬೆಳಿಗ್ಗೆ 6
ಕಪ್ಪು ಬೀನ್ಸ್ ಬೇಯುತ್ತಿದೆ. ಫ್ಯಾಕ್ಟರಿ ಮುಷ್ಕರಕ್ಕೆ ಇಂದಿಗೆ ಹದಿನಾಲ್ಕು ದಿನ. ನನ್ನ ಗಂಡ ಜುರಂದಿರ್ ಶಿಫ್ಟಿನ ಹೊತ್ತಿಗೇ ಎದ್ದ, ಫ್ಯಾಕ್ಟರಿ ಅಂಗಿ ತೊಟ್ಟ, ಕುರ್ಚಿಯಲ್ಲಿ ಕೂತ. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಗಂಡಸಿಗೆ ಮನೆಯಲ್ಲಿ ಕೂರಲು ಬರುವುದಿಲ್ಲ.

ಏಪ್ರಿಲ್ 20, ಭಾನುವಾರ
ನಮ್ಮ ಸಭೆಯಲ್ಲಿ ಪಾಸ್ಟರ್ ಅದೌತೊ ಅವರ ಪ್ರಸಂಗ. ಕೆಲಸ ಕೊಟ್ಟ ಯಜಮಾನನಿಗೆ ಎದುರು ನಿಲ್ಲುವುದು ದೇವರಿಗೇ ಎದುರು ನಿಂತಂತೆ, ಮುಷ್ಕರ ಕಮ್ಯುನಿಸ್ಟರ ಬಲೆ ಎಂದರು. ಮೇ ಮೊದಲ ಭಾನುವಾರ, ರೊಟ್ಟಿ ಹಂಚುವ ಪ್ರಭುವಿನ ಭೋಜನದ ದಿನ, ಮುಷ್ಕರದವರು ಎದ್ದು ತಪ್ಪೊಪ್ಪಬೇಕು. ಇಲ್ಲವಾದರೆ ಮನೆಯವರಿಗೂ ರೊಟ್ಟಿ ಇಲ್ಲ.
ಮನೆಗೆ ಬಂದು ಹೇಳಿದೆ. ಜುರಂದಿರ್ ನಕ್ಕ. "ಪಾಸ್ಟರು ಒಂದಿನ ತಗಡು ಒತ್ತೋ ಪ್ರೆಸ್ಸಿನ ಮುಂದೆ ನಿಂತಿದ್ರೆ ಪ್ರಸಂಗ ಗಿಡ್ಡ ಆಗಿರೋದು."
ನನಗೆ ನಗು ಬರಲಿಲ್ಲ. ಹತ್ತೊಂಬತ್ತು ವರ್ಷ ಆ ಸಭೆಯ ಗಾನವೃಂದದಲ್ಲಿ ಹಾಡಿದ್ದೇನೆ...

ಏಪ್ರಿಲ್ 24
ಅಕ್ಕಿ ಮುಗಿಯಿತು. ಮುಷ್ಕರದವರ ಮನೆಗಳಿಗೆ ಕ್ಯಾಥೊಲಿಕ್ ಚರ್ಚಿನಲ್ಲಿ ದವಸ ಹಂಚುತ್ತಾರೆ. ಆ ಹೊಸ್ತಿಲು ದಾಟಿದ್ದು ಇದೇ ಮೊದಲು. ನಮ್ಮ ಸಭೆಯಲ್ಲಿ ವಿಗ್ರಹ ನಿಷಿದ್ಧ; ಕಣ್ಣಿಗೆ ಬೀಳದಂತೆ ನೆಲ ನೋಡುತ್ತ ನಡೆದೆ. ಹೆಸರು ಬರೆಯಲು ಸಾವೊ ಪಾಲೊದಿಂದ ಬಂದ ಕಾಲೇಜು ಹುಡುಗಿ. ನಮ್ಮ ಸಭೆಯವರ ಗುರುತಾದ ನನ್ನ ಉದ್ದ ಲಂಗ, ತುರುಬು ನೋಡಿ ಪಕ್ಕದವಳಿಗೆ ಪಿಸುಗುಟ್ಟಿದಳು — ಈ ಪ್ರಾರ್ಥನೆಯವರು ಮಾಲೀಕರ ಕುರಿಗಳು ಅಂತ.
"ಕುರಿಗೂ ಕಿವಿ ಇರುತ್ತೆ ಮಗಳೇ. ನನ್ನ ಹೆಸರು ಝೆನೈದೆ, ಬರ್ಕೋ."
ಅವಳ ಮುಖ ಕೆಂಪಾಯಿತು. ಎರಡು ಕಿಲೋ ಅಕ್ಕಿ ಹೆಚ್ಚೇ ತೂಗಿದಳು. ಅದೂ ಚುಚ್ಚಿತು.
ನಮ್ಮ ಸಭೆಯಲ್ಲಿ ಕಮ್ಯುನಿಸ್ಟ್, ಇಲ್ಲಿ ಕುರಿ. ನಾನು ಏನು ಅಂತ ಯಾರೂ ಕೇಳಲಿಲ್ಲ.

ಮೇ 4, ಭಾನುವಾರ. ಮಧ್ಯಾಹ್ನ
ಜುರಂದಿರ್ ಸಭೆಗೆ ಬರಲಿಲ್ಲ. ನೀನು ಹೋಗು, ನನ್ನಿಂದ ನಿನ್ನ ಜಾಗ ಹೋಗೋದು ಬೇಡ ಎಂದ.
ಪಾಸ್ಟರ್ ಅವನ ಹೆಸರು ಕರೆದರು. ನಾನು ಎದ್ದೆ.
"ಪಾಸ್ಟರೇ, ಪ್ರೆಸ್ಸು ಅವನ ಎರಡು ಬೆರಳು ತಿಂದಾಗ ನೀವು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ರಿ. ಮಾಲೀಕನ ಹತ್ರ ಹೋಗಿ ಒಂದು ಮಾತು ಹೇಳಿದ್ರಾ?"
ಪಾಸ್ಟರ್ ಸಿಟ್ಟಾಗಲಿಲ್ಲ. ಮುಂದಿನ ಸಾಲಿಗಷ್ಟೇ ಕೇಳುವಂತೆ ಹೇಳಿದರು — "ಇಲ್ಲ ಸೋದರಿ. ಈ ಚಾವಣಿ ಹಾಕಿಸಿಕೊಟ್ಟಿದ್ದೇ ಆ ಮಾಲೀಕ."
ರೊಟ್ಟಿಯ ತಟ್ಟೆ ನನ್ನನ್ನು ದಾಟಿ ಹೋಯಿತು. ಪಕ್ಕದಲ್ಲಿ ಮುದುಕಿ ಇದಲೀನ. ತನ್ನ ಚೂರು ಮುರಿದು ಅರ್ಧ ನನ್ನ ಅಂಗೈಗೆ ಒತ್ತಿದಳು. ಪಾಸ್ಟರ್ ನೋಡಿದರು. ತಡೆಯಲಿಲ್ಲ.
ತಿನ್ನಲಿಲ್ಲ. ಮುಷ್ಟಿಯಲ್ಲೇ ಮನೆಗೆ ತಂದೆ. ಮೇಜಿನ ಮೇಲಿದೆ, ಉಗುರಿನಷ್ಟು. ಜುರಂದಿರ್‌ಗೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಕೈ ತೊಳೆದು ಬಂದ. ರೊಟ್ಟಿ ಮುರಿಯುವ ಮುನ್ನ ಪ್ರಾರ್ಥನೆ ಯಾರು ಹೇಳಬೇಕು, ಇಬ್ಬರಿಗೂ ಗೊತ್ತಿಲ್ಲ. ಅವನೇ ಶುರು ಮಾಡಿದ. ತಡವರಿಸುತ್ತಿದ್ದಾನೆ, ಪೆನ್ನು ಇಡಬೇಕು —