ಎಡೆ ಮುಟ್ಟದ ಚಿಟ್ಟೆ

ಮಾದಿಹಳ್ಳಿ
22-6-2024

ಪ್ರೀತಿಯ ತಂಗಿ ಮಂಜುಳಾಗೆ ರುದ್ರಕ್ಕನ ಆಶೀರ್ವಾದ.

ಗಂಡಸಿಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಫೋನ್ ಮಾಡಿದಾಗೆಲ್ಲ ನಾನು ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮಾತಾಡಿದರೆ ಅಳು ಬರುತ್ತದೆ. ಬರೆಯುವಾಗ ಅಷ್ಟು ಬರುವುದಿಲ್ಲ.

ಚಳಿಗಾಲದಲ್ಲಿ ನಿನ್ನ ಭಾವ ನಿಮ್ಮ ಬೇಲಿಯ ಎಲಚಿ ಗಿಡದಿಂದ ಕಡ್ಡಿ ಸಮೇತ ಒಂದು ಕಾಯಿ ಕಿತ್ತುಕೊಂಡು ಬಂದಿದ್ದರಲ್ಲ, ಮೊಟ್ಟೆಯಂಥದ್ದು, ಕಲ್ಲಿನಷ್ಟು ಗಟ್ಟಿ. ಅದನ್ನು ಕಿಟಕಿಗೆ ಕಟ್ಟಿದ್ದರು. ಅವರು ತೀರಿಕೊಂಡ ಮೇಲೂ ನಾನು ತೆಗೆಯಲಿಲ್ಲ. ಮೊನ್ನೆ ಮಳೆ ಬಿದ್ದ ಮೇಲೆ ಅದರಿಂದ ಅಂಗೈಯಗಲದ ಚಿಟ್ಟೆ ಹೊರಬಂತು. ಅರಿಸಿನದ ಬಣ್ಣ, ಒಂದೊಂದು ರೆಕ್ಕೆಗೂ ಒಂದೊಂದು ಕಣ್ಣು.

ನಿನಗೆ ಗೊತ್ತಲ್ಲ, ಹನ್ನೊಂದನೆಯ ದಿನದ ಎಡೆಯನ್ನು ಕಾಗೆ ಮುಟ್ಟಲೇ ಇಲ್ಲ. ಕೊನೆಗೆ ಹಸುವಿಗೆ ಹಾಕಿದೆವು. ಈಗ ಇವರೇ ಬಂದಿದ್ದಾರೆ ಅನ್ನಿಸಿ ಚಿಟ್ಟೆಯ ಮುಂದೆ ಹಾಲು, ಬೆಲ್ಲ, ಬಾಳೆಹಣ್ಣು ಇಟ್ಟೆ. ಹಾರಿ ಹೋದೀತೆಂದು ಕಿಟಕಿ ಮುಚ್ಚಿದೆ. ಅದೂ ಮುಟ್ಟಲಿಲ್ಲ. ಪಕ್ಕದ ಮನೆ ಮೀನಾಕ್ಷಿ, "ಅಣ್ಣಂಗೆ ಬಾಡಿನ ಸಾರು ಬೇಕೇನೋ ಕಣಕ್ಕ, ಬರೀ ಬಾಳೆಹಣ್ಣು ತಿನ್ನೋರಾ ಅವ್ರು?" ಅಂದಳು. ನಗಿಸಲೆಂದೇ ಅಂದದ್ದು. ನನಗೆ ನಗು ಬರಲಿಲ್ಲ. ಇವರಿಗೆ ನನ್ನ ಮೇಲೇ ಸಿಟ್ಟು ಅನ್ನಿಸುತ್ತಿತ್ತು.

ಅವಳ ಮಗಳು ಹೇಮಾಶ್ರೀ ಹಳೇಬೀಡಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಅವಳು ಬಂದು ರೆಕ್ಕೆಯ ಕಣ್ಣು ನೋಡಿದಳು, ಒಡೆದ ಕಾಯಿ ನೋಡಿದಳು.

"ದೊಡ್ಡಮ್ಮ, ಇದು ಕಾಯಲ್ಲ, ಗೂಡು. ಇದು ಕಾಡುರೇಷ್ಮೆ ಪತಂಗ, ಹೆಣ್ಣು. ತಿನ್ನೋಕೆ ಇದಕ್ಕೆ ಬಾಯೇ ಇಲ್ಲ. ಹುಳ ಆಗಿದ್ದಾಗಲೇ ಎಲಚಿ ಎಲೆ ತಿಂದು ತಿಂದು ಎಲ್ಲಾ ಒಳಗಿಟ್ಕೊಂಡಿದೆ. ಇನ್ನೊಂದು ವಾರ ಇದ್ರೆ ಹೆಚ್ಚು."

"ಹಂಗಾರೆ ನನ್ ಮೇಲೆ ಸಿಟ್ಟಿಲ್ವಾ ಇದಕ್ಕೆ?"

"ಹಸಿವೇ ಇಲ್ಲ ದೊಡ್ಡಮ್ಮ, ಸಿಟ್ಟೆಲ್ಲಿಂದ ಬರ್ಬೇಕು? ಮೊದ್ಲು ಕಿಟಕಿ ತೆಗೀರಿ. ಗಂಡು ಬರ್ಬೇಕು, ಇದು ಮೊಟ್ಟೆ ಇಡ್ಬೇಕು."

ತೆಗೆಯಲು ಕೈ ಬರಲಿಲ್ಲ. ಸಂಜೆ ಹೇಗೋ ತೆಗೆದೆ. ಬೆಳಿಗ್ಗೆ ಎದ್ದು ನೋಡಿದರೆ ಸರಳಿನ ಮೇಲೆ ಎರಡಿದ್ದವು. ಗಂಡಿನ ಬಣ್ಣ ಕೆಂಚು. ಕತ್ತಲಾಗುವ ಹೊತ್ತಿಗೆ ಎರಡೂ ಇರಲಿಲ್ಲ.

ಬೇಲಿಯ ಎಲಚಿ ಕಡಿಸಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳು. ನಿನಗೂ ಅವರಿಗೂ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ರುದ್ರಮ್ಮ

ಇದೊಂದು ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ದಿನ ಗಂಜಿ ಕುಡಿಸಲು ಹೋದರೆ ಇವರು ಬಾಯಿ ಬಿಗಿದು ಮುಖ ತಿರುಗಿಸಿದರು. ಯಾರಿಗೂ ಹೇಳಿರಲಿಲ್ಲ. ಕಾಗೆ ಮುಟ್ಟದಿದ್ದುದೂ ಅದಕ್ಕೇ ಅಂದುಕೊಂಡಿದ್ದೆ. ಹಸಿವು ಮುಗಿದಿತ್ತೇನೋ, ಮಂಜು. ಇವತ್ತು ಮುದ್ದೆ ಕಟ್ಟಿದೆ, ಒಂದೇ. ಪೂರ್ತಿ ಉಂಡೆ.