ಹಾಜರಿ ಪುಸ್ತಕದಲ್ಲಿ ಅಪ್ಪ

ಮಾರ್ಚ್ ೧೨

ಪ್ರೀತಿಯ ತಮ್ಮ,

ನಾನು ಕ್ಷೇಮ. ನೀನು, ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ದಿನವಿಡೀ ಬಿದಿರು ಕಟ್ಟಿದ ಸಾರ್ವೆಯ ಮೇಲೆ ನಿಂತು ಗೋಡೆಗೆ ಬಣ್ಣ ಬಳಿದ ಕೈ ಸಂಜೆ ಪೆನ್ನು ಹಿಡಿಯಲು ಒಲ್ಲೆ ಅನ್ನುತ್ತದೆ. ಈ ನೆಪವೂ ಅರ್ಧ ಸುಳ್ಳೇ ಬಿಡು.

ಗಿರಣಿ ಗೋಡೆಯ ಚಿತ್ರ ಮುಗಿಯುತ್ತ ಬಂತು. ಎಂಬತ್ತು ಅಡಿ ಉದ್ದ. ಮುಷ್ಕರ, ಗೇಟಿನ ಮುಂದಿನ ಗೋಲಿಬಾರು, ಸತ್ತ ಏಳು ಜನ. ಯಾರನ್ನು ಬರೆಯಬೇಕೆಂಬ ಜಗಳ ಬೇಡವೆಂದು ನಿಮ್ಮ ಸಂಘವೇ ನಿಯಮ ಮಾಡಿತ್ತಲ್ಲ: ಆ ದಿನದ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರುಹಾಜರಿಯ ಕೆಂಪು ಗುರುತಿದೆಯೋ ಅವರು ಮುಂದಿನ ಸಾಲಿಗೆ. "ಮಾಲೀಕರು ಶಿಕ್ಷೆಗೆಂದು ಹಾಕಿದ ಗುರುತೇ ನಮಗೆ ಪದಕ" ಎಂದು ಭಾಷಣ ಬಿಗಿದವನೂ ನೀನೇ.

ದಾಖಲೆ ಕಚೇರಿಯಲ್ಲಿ ಕೂತು ನಾನೂರ ಹನ್ನೆರಡು ಹೆಸರು ನಕಲು ಮಾಡಿದೆ. ಅಪ್ಪನ ಹೆಸರಿನ ಮುಂದೆ ಕೆಂಪಿಲ್ಲ. ನೀಲಿ ಸಹಿ ಇದೆ. ಅಪ್ಪ ಒಳಗೆ ಕೆಲಸದಲ್ಲಿದ್ದ. ಕಿಟಕಿ ಒಡೆದು ಬಂದ ಗುಂಡು ಮಗ್ಗದ ಮುಂದೆಯೇ ಅವನನ್ನು ಕೊಂದಿತು. ಹೊರಗೆ ತಂದ ಹೆಣಕ್ಕೆ, ಗೇಟಿನ ಮುಂದೆ ಸತ್ತವನೆಂದೇ ತಿಳಿದು, ಜನ ಬಾವುಟ ಹೊದಿಸಿದರು. ಹುತಾತ್ಮನ ಮಗನೆಂದೇ ನೀನು ಬೆಳೆದೆ, ನಾಯಕನಾದೆ.

ನಿಮ್ಮ ಕಾರ್ಯದರ್ಶಿ, ಅದೇ ಸದಾ ಮೈಕು ಹಿಡಿದೇ ಇರುವ ನಿನ್ನ ಮೈಕಣ್ಣ, ನಿನ್ನೆ ಸಾರ್ವೆಯ ಕೆಳಗೆ ನಿಂತು ಕೂಗಿದ: "ಅಕ್ಕಾ, ಅಪ್ಪಾವ್ರನ್ನ ಮುಂದಿನ ಸಾಲಲ್ಲಿ ನಿಲ್ಸಿ. ಆ ಪುಸ್ತಕ ಯಾರ್ ನೋಡ್ತಾರೆ?"

"ನಾನ್ ನೋಡಿದೀನಲ್ಲಪ್ಪ."

"ಸತ್ತೋರ ಮರ್ಯಾದೆ ತೆಗೀತೀರಾ?"

"ಉಳಿದ ಆರು ಜನ ಏನು ಬದುಕಿದಾರಾ? ಅವರ ಮಕ್ಕಳ ಎದುರು ಸುಳ್ಳು ಬಳೀಲಾ? ಹೋಗ್ತೀಯೋ, ಡಬ್ಬ ನಿನ್ ತಲೆ ಮೇಲೇ ಸುರೀಲೋ?"

ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಗೇಟಿನತ್ತ ಓಡಿದ.

ಭಾನುವಾರದ ಅನಾವರಣದೊಳಗೆ ಅಪ್ಪ ಮುಂದೆ ಬರದಿದ್ದರೆ ಗೋಡೆಗೆ ಸುಣ್ಣ ಹೊಡೆಸುತ್ತೇನೆಂದು ಬರೆದಿದ್ದೀ. ಹೊಡೆಸು. ಗುಂಡು ಹಾರಿಸಿದವರನ್ನು ಬಿಟ್ಟು, ಹಸಿವಿಗೆ ಸೋತು ಒಳಹೋದವನಿಗಾಗಿ ತಲೆತಗ್ಗಿಸುವ ಚಳವಳಿ ಎಂಥದೋ! ನಾನು ಅವನನ್ನು ಒಡೆದ ಕಿಟಕಿಯ ಹಿಂದೆ, ಮಗ್ಗದ ಮೇಲೆ ಕೈಯಿಟ್ಟಂತೆ ಬರೆದಿದ್ದೇನೆ. ಅಲ್ಲಿಂದ ಕದಲಿಸುವುದಿಲ್ಲ.

ಮಕ್ಕಳಿಗೆ ನನ್ನ ಮುತ್ತು. ನೀನು ತಣ್ಣಗಿರು. ಸತ್ಯ ಹೇಳಲು ನಿನ್ನ ಗಂಟಲು ಯಾವತ್ತೂ ಕಟ್ಟದಿರಲಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಅಪ್ಪ ಒಳಗಿದ್ದನೆಂದು ತಿಳಿಯಲು ನನಗೆ ಆ ಪುಸ್ತಕ ಬೇಕಿರಲಿಲ್ಲ. ನನಗಾಗ ಒಂಬತ್ತು ವರ್ಷ. ನೀನು ಕೈಕೂಸು, ಅಮ್ಮನ ಎದೆಯಲ್ಲಿ ಹಾಲಿರಲಿಲ್ಲ. ಅಪ್ಪ ನಾಲ್ಕು ವಾರ ಗೇಟಿನ ಹೊರಗೇ ಇದ್ದ. ಒಳಗೆ ಬಂದವರಿಗೆ ಅಂದೇ ಒಂದು ಚೀಲ ಕಾಳು ಎಂದು ಗಿರಣಿಯವರು ಸಾರಿದ್ದರು. ಆ ಬೆಳಿಗ್ಗೆ ಅವನ ಅಂಗಿ ಜಗ್ಗಿ, "ಹೋಗಪ್ಪಾ, ಇಲ್ದಿದ್ರೆ ಪಾಪು ಸಾಯುತ್ತೆ" ಅಂದವಳು ನಾನೇ. ಹಿಂಬಾಗಿಲವರೆಗೂ ಕೈಹಿಡಿದು ಕರೆದೊಯ್ದೆ. ಬಾವುಟ ಹೊದಿಸುವಾಗಲೂ ಬಾಯಿ ಬಿಡಲಿಲ್ಲ, ಆಮೇಲೆ ಮೂವತ್ತೆಂಟು ವರ್ಷ ಬಿಡಲಿಲ್ಲ. ಒಳಗೆ ಕಾಲಿಡುವಾಗ ಅವನು ಒಮ್ಮೆ ತಿರುಗಿ ನನ್ನನ್ನು ನೋಡಿದ. ಆ ಮುಖ ಬರೆಯಲು ನನ್ನಿಂದ ಆಗುತ್ತಿಲ್ಲ ಕಣೋ.